ಪರವಾನಗಿಗಾಗಿ ತುಳಿದ ಕಟ್ಟೆ

"ಇದು ಸಮಾಧಿಯಾ?" ನಾವು ಮನೆ ಕಟ್ಟಲು ಪರವಾನಗಿ ಕೇಳಿದ್ದ ಜಾಗ ನೋಡಲು ಬಂದ ಇಂಜಿನಿಯರ್, ಮೂಲೆಯ ಕಲ್ಲುಕಟ್ಟೆ ತೋರಿಸಿ ಕೇಳಿದ. ಹೌದೆಂದರೆ ಪರವಾನಗಿ ಸಿಗದು, ನಮ್ಮ ಖರೀದಿಯೂ ಮುರಿಯುತ್ತದೆ. ವಾಡಿ ಊರಿನಾಚೆಯ ಆ ಹೊಲವನ್ನು ನಮಗೆ ಮಾರುತ್ತಿದ್ದ ಗಂಗವ್ವನ ಮಗಳು ರಾಮದಾಸಪೇಠದ ಆಸ್ಪತ್ರೆಯಲ್ಲಿ ಆ ಹಣದಿಂದಾಗಬೇಕಿದ್ದ ಆಪರೇಷನ್‌ಗೆ ಕಾಯುತ್ತಿದ್ದಳು.

"ಎಲ್ಲೀ ಸಮಾಧಿ ಸಾಹೇಬ್, ಎತ್ತು ಕಟ್ಟೋ ಕಟ್ಟೆ ಅದು!" ಎಂದು ಗಂಗವ್ವ ಮರಾಠಿಯಲ್ಲಿ ನಗುತ್ತ, ಚಪ್ಪಲಿಗಾಲಲ್ಲೇ ಅದರ ಮೇಲೆ ಹತ್ತಿ ನಿಂತಳು. ಅವನು ಒಪ್ಪಿ ಹೊರಟ.

ಜೀಪು ಮರೆಯಾದದ್ದೇ ತಡ, ಗಂಗವ್ವ ಕೆಳಗಿಳಿದು ಕೂತು ಸೆರಗಿನಿಂದ ಕಲ್ಲು ಒರೆಸತೊಡಗಿದಳು. ಸತ್ತವರನ್ನು ಹೊಲದಲ್ಲೇ ಮಣ್ಣು ಮಾಡುವುದು ಅವರ ಮನೆತನದ ಪದ್ಧತಿ. "ಮಗಳ ಸಲುವಾಗಿ ತುಳದೀನ್ರೀ, ಸಿಟ್ಟಾಗಬ್ಯಾಡ್ರಿ," ಎಂದು ಕಟ್ಟೆಯಡಿ ಮಲಗಿದ್ದ ಗಂಡನಿಗೆ ಕನ್ನಡದಲ್ಲಿ ಹೇಳುತ್ತಿದ್ದಳು.

ಪರವಾನಗಿ ಬಂತು, ಆಪರೇಷನ್ನೂ ಆಯಿತು. ಮಗಳು ಮಾತ್ರ ಉಳಿಯಲಿಲ್ಲ. ಆ ಮೂಲೆಯನ್ನು ನಾವು ಹಾಗೇ ಬಿಟ್ಟಿದ್ದೇವೆ. ಅಮಾವಾಸ್ಯೆಗೆ ಗಂಗವ್ವ ಹೂವು ಹಿಡಿದು ಬಂದರೆ, ಗೇಟು ತೆರೆದು, ಅವಳನ್ನು ಕಟ್ಟೆಯ ಬಳಿ ಬಿಟ್ಟು ನಾವು ಮನೆಯೊಳಗೆ ಹೋಗಿಬಿಡುತ್ತೇವೆ.