ಕೊಂಡಿ ಹಾಕಿಸಿದ ಮನೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರೆ. ಕಟ್ಟಿದ ಮನೆಯನ್ನು ಬಾಡಿಗೆಗೆ ಕೊಟ್ಟು ನೋಡು ಎಂದು ನಾನು ಸೇರಿಸುತ್ತೇನೆ. ಅದೂ ಓರಗಿತ್ತಿಯ ಮನೆಯ ಪಕ್ಕದಲ್ಲಿ.

ಐವತ್ತರ ದಶಕದ ಮೊದಲಲ್ಲಿ ನನ್ನ ಗಂಡ ಮತ್ತು ಅವರ ಅಣ್ಣ ಸರಸ್ವತಿಪುರಂನಲ್ಲಿ ಪಕ್ಕಪಕ್ಕದ ನಿವೇಶನ ಕೊಂಡು ಒಂದೊಂದು ಬಾಡಿಗೆ ಮನೆ ಕಟ್ಟಿಸಿದರು. ನಾವೆಲ್ಲ ಇದ್ದದ್ದು ಅಗ್ರಹಾರದ ಹಳೆಯ ಮನೆಯಲ್ಲಿ, ಒಂದೇ ಒಲೆಯ ಮೇಲೆ. ಓರಗಿತ್ತಿಗೆ ಆಗಲೇ ಮೂರು ಮಕ್ಕಳು. ನನಗೆ ಮದುವೆಯಾಗಿ ವರ್ಷಗಳು ಕಳೆದರೂ ಒಂದೂ ಇರಲಿಲ್ಲ.

ನಮ್ಮ ಮನೆಯನ್ನು ನಾನು ನಿಂತು ಕಟ್ಟಿಸಿದೆ. ಗೆದ್ದಲು ಹತ್ತದಂತೆ ತೇಗದ ಬಾಗಿಲು, ಬಚ್ಚಲ ನೀರು ಸಲೀಸಾಗಿ ಹೊರಗೆ ಹೋಗುವ ಇಳಿಜಾರು, ಮುಖ ಕಾಣುವಂಥ ಕೆಂಪು ಗಾರೆ ನೆಲ. ಮುಂದೆ ನಾವೇ ಅಲ್ಲಿಗೆ ಹೋಗಿ ಇರಬೇಕೆಂಬ ಆಸೆಯಿಂದ ನಡುಮನೆಯ ತೊಲೆಗೆ ತೊಟ್ಟಿಲು ಕಟ್ಟುವ ಕಬ್ಬಿಣದ ಕೊಂಡಿಯನ್ನೂ ಹಾಕಿಸಿದೆ. ಮೇಸ್ತ್ರಿ ನನ್ನ ಮುಖ ನೋಡಿ ಕೊಂಡಿ ಬಿಗಿದ. ಓರಗಿತ್ತಿ ಮಾತ್ರ ತನ್ನ ಮನೆಯ ಕಡೆ ತಲೆ ಹಾಕಲೇ ಇಲ್ಲ. ಅದರ ಗೋಡೆ ಮೊದಲ ಮಳೆಗೇ ಬೆವರಿತು. ಹೆಂಚು ಕೈಯಾಡಿಸಿ ಎಂದು ಬಾಡಿಗೆಯವರು ಹೇಳಿ ಕಳಿಸಿದರೆ, ಮಳೆ ನಿಲ್ಲಲಿ ಎನ್ನುತ್ತಿದ್ದಳು. ಮಳೆ ನಿಂತ ಮೇಲೆ, ಈಗ ಸೋರುತ್ತಿಲ್ಲವಲ್ಲ ಎನ್ನುತ್ತಿದ್ದಳು.

ಆದರೂ ಜನ ಅವಳ ಮನೆಗೇ ಮುಗಿಬಿದ್ದರು. ಮಕ್ಕಳಿಲ್ಲ ಎಂದು ಹರಕೆ ಹೊತ್ತು ಸುಸ್ತಾಗಿದ್ದ ಗುಮಾಸ್ತರ ಹೆಂಡತಿ ಆ ಮನೆಗೆ ಬಂದ ವರ್ಷವೇ ಬಸುರಿಯಾದಳು. ಅವರ ನಂತರ ಬಂದ ಮೇಷ್ಟರ ಹೆಂಡತಿಗೂ ಹಾಗೇ ಆಯಿತು. ಅಷ್ಟೇ ಸಾಕಾಯಿತು. ಮನೆ ಗುಣ ಚೆನ್ನಾಗಿದೆ ಎಂಬ ಸುದ್ದಿ ಒಂಟಿಕೊಪ್ಪಲ್‌ವರೆಗೂ ಹೋಯಿತು. ನಮ್ಮ ಮನೆ ನೋಡಲು ಬಂದವರು ನೆಲ ಹೊಗಳಿ, ಗಾಳಿ ಬೆಳಕು ಹೊಗಳಿ, ಕೊನೆಗೆ ಪಕ್ಕದ್ದು ಯಾವಾಗ ಖಾಲಿಯಾಗುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದರು. ಆ ಬೂಷ್ಟು ಹಿಡಿದ ಗೋಡೆಯ ಮೇಲೆ, ಅದರ ಒಡತಿಯ ಮೇಲೆ, ಅಲ್ಲಿ ವಾಂತಿ ಮಾಡಿಕೊಳ್ಳುತ್ತಿದ್ದ ಹೆಂಗಸರ ಮೇಲೆ, ಎಲ್ಲರ ಮೇಲೂ ನನಗೆ ಹೊಟ್ಟೆಕಿಚ್ಚು.

ಒಂದು ದಸರೆಗೆ ಮುಂಚೆ, ಸುಣ್ಣ ಹೊಡೆಸುವ ದಿನಗಳಲ್ಲಿ, ಅವಳ ಮನೆ ಖಾಲಿಯಾಯಿತು. ನಾನು ಮೂರು ದಿನ ಮಾತನ್ನು ನಾಲಗೆಯ ತುದಿಯಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಅಡಿಗೆಮನೆಯಲ್ಲಿ ಹುರುಳಿಕಾಯಿ ಸೋಸುತ್ತಾ, ಇವರಿಗೆ ಕಚೇರಿ ಹತ್ತಿರವಾಗುತ್ತದೆ, ನಿಮ್ಮ ಮನೆಗೆ ನಾವೇ ಬಾಡಿಗೆಗೆ ಬರಬಹುದೇ ಎಂದು ಕೇಳಿದೆ.

ಪಕ್ಕದಲ್ಲೇ ನಿನ್ನ ಸ್ವಂತ ಮನೆ ಇದೆಯಲ್ಲ ಎಂದು ಅವಳು ಕೇಳಬಹುದಿತ್ತು. ಕೇಳಲಿಲ್ಲ.

"ಮನೆ ಬಿಡ್ತೀವಿ ಅಂತ ಅವರು ಹೇಳಿದ ಗೌರಿ ಹಬ್ಬದಿಂದಲೂ ಬಂದೋರ್ನೆಲ್ಲ ವಾಪಸ್ ಕಳಿಸ್ತಿದೀನಿ ಕಣೇ," ಅಂದಳು. "ನೀನು ಯಾವಾಗ ಕೇಳ್ತೀಯೋ ಅಂತ ಕಾಯ್ತಿದ್ದೆ. ಬಂದ್ಬುಡಿ."

ಕಣ್ಣು ತುಂಬಿ ಬರಬೇಕಿತ್ತು. ನನಗೆ ಸಿಟ್ಟು ಬಂತು. ಒಳ್ಳೆಯತನದಲ್ಲೂ ಇವಳೇ ಮುಂದೆ.

ನಮ್ಮ ಮನೆಯನ್ನು ಹೊಸದಾಗಿ ಮದುವೆಯಾದ ಒಬ್ಬರು ರೈಲ್ವೆ ನೌಕರರಿಗೆ ಕೊಟ್ಟೆವು. ಗೋಡೆಗೆ ಮೊಳೆ ಹೊಡೆಯಕೂಡದು ಎಂದು ಮೊದಲೇ ಕಟ್ಟುನಿಟ್ಟಾಗಿ ಹೇಳಿದೆ. ಆಮೇಲೆ ಓರಗಿತ್ತಿಯ ಮನೆಯಲ್ಲಿ ಹಾಲು ಉಕ್ಕಿಸಿ ಒಳಗೆ ಹೋದೆ. ಸ್ವಂತ ಮನೆ ಪಕ್ಕದಲ್ಲಿಟ್ಟುಕೊಂಡು ಬಾಡಿಗೆಗಿದ್ದಾರೆ ಎಂದು ಬೀದಿಯವರು ನಕ್ಕರು, ನಗಲಿ ಎಂದುಕೊಂಡೆ. ಸೋರುವ ಕಡೆ ಪಾತ್ರೆ ಇಟ್ಟೆ, ಕಟ್ಟಿಕೊಂಡ ಬಚ್ಚಲನ್ನು ಕೋಲಿನಿಂದ ಚುಚ್ಚಿದೆ. ಗುಮಾಸ್ತರ ಹೆಂಡತಿ ಯಾವ ಕೋಣೆಯಲ್ಲಿ ಮಲಗುತ್ತಿದ್ದಳೆಂದು ವಿಚಾರಿಸಿ, ಅಲ್ಲೇ ಹಾಸಿಗೆ ಹಾಸಿದೆ. ಎರಡು ಮಳೆಗಾಲ ಕಳೆಯಿತು. ನನಗೆ ಬಂದದ್ದು ನೆಗಡಿ ಮಾತ್ರ.

ಆಮೇಲೆ ಒಂದು ಬೆಳಿಗ್ಗೆ ರೈಲ್ವೆಯವರ ಹೆಂಡತಿ ಕಾಂಪೌಂಡ್ ಗೋಡೆಯ ಆಚೆ ಬಂದು ನಿಂತಳು. ಅವಳು ತವರಿನಿಂದ ಬಾಣಂತನ ಮುಗಿಸಿಕೊಂಡು ಬಂದು ವಾರವಾಗಿತ್ತು. ಹೆಗಲ ಮೇಲೆ ಕೂಸು ಮಲಗಿತ್ತು. ಹುಡುಗಿಗೆ ನನ್ನನ್ನು ಕಂಡರೆ ಭಯ.

"ಒಂದು ಮಾತು ಕೇಳ್ಬೇಕಿತ್ತಮ್ಮಾ," ಅಂದಳು. "ಮೊಳೆಗಿಳೆ ಏನೂ ಹೊಡೆಯೋಲ್ಲ. ನಡುಮನೇಲಿ ಕೊಂಡಿ ಇದೆಯಲ್ಲ, ಅದಕ್ಕೆ ತೊಟ್ಟಿಲು ಕಟ್ಕೊಳ್ಳಲಾ?"

ನನ್ನ ತೇಗದ ಬಾಗಿಲಿನ ಮನೆ, ನನ್ನ ಕೆಂಪು ನೆಲ, ನನ್ನ ಕೊಂಡಿ. ಜಗತ್ತಿನಲ್ಲಿ ಇನ್ನು ಅಸೂಯೆ ಪಡಲು ಉಳಿದಿದ್ದದ್ದು ನನ್ನ ಮನೆಯೊಂದೇ, ಅದೂ ಆಗಿಹೋಯಿತು. ಬೇಡ ಎನ್ನುವ ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ಕೂಸು ಎಚ್ಚರಾಗಿ ನನ್ನತ್ತ ತಿರುಗಿತು.

"ಕಟ್ಕೋ," ಅಂದೆ. "ಮೊದಲು ಒಂದು ತೊಟ್ಟು ಎಣ್ಣೆ ಬಿಡು. ಹಾಕಿಸಿದಾಗಿನಿಂದ ಯಾರೂ ಮುಟ್ಟಿಲ್ಲ, ತುಕ್ಕು ಹಿಡಿದಿರುತ್ತೆ."