ಎರಡು ದೇಶಕ್ಕೆ ಒಂದೊಂದು ಕಾಲು

ಮೈಸೂರಿನವರಿಗೆ ಹಿಮದ ಮೇಲೆ ಜಾರುವ ಹುಚ್ಚು ಎಲ್ಲಿಂದ ಹತ್ತಿತೆಂದು ನನ್ನನ್ನು ಕೇಳಬೇಡಿ. ನಾನು ಉಡುಪಿಯವಳು. ಮಳೆಗಾಲದ ಅಂಗಳದ ಪಾಚಿಯಲ್ಲಿ ಜಾರಿ ಬಿದ್ದೇ ದೊಡ್ಡವಳಾದೆ, ಅದನ್ನು ಆಟವೆಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಮ್ಮೆಜಮಾನರು ಜರ್ಮನಿಯ ಇಂಗೋಲ್‌ಸ್ಟಾಟ್‌ನಲ್ಲಿ ಕಾರುಗಳ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವವರು. ಆ ಚಳಿಗಾಲ ಪೂರ್ತಿ ಸಂಜೆ ಮನೆಗೆ ಬಂದವರೇ ಹಾಲ್‌ನ ಕಾರ್ಪೆಟ್ ಮೇಲೆ ಮೊಣಕಾಲು ಬಗ್ಗಿಸಿ, ಪೃಷ್ಠ ಹಿಂದಕ್ಕೆ ದೂಡಿ ನಿಲ್ಲುತ್ತಿದ್ದರು. ಎದುರಿಗೆ ಯೂಟ್ಯೂಬ್. ಹೊಸಬರಿಗೆಂದು ಮಾಡಿದ ವಿಡಿಯೊ ನೋಡುವುದು ಇವರ ಘನತೆಗೆ ಕಡಿಮೆ. ಶುರುವೇ ‘ಅಡ್ವಾನ್ಸ್ಡ್’ನಿಂದ.

“ಬಿದ್ದು ಸೊಂಟ ಮುರಿದ್ರೆ ಎಂತ ಮಾಡುದು ಮಾರಾಯ್ರೆ?”

“ಎಲ್ಲಾ ಫಿಸಿಕ್ಸ್ ಕಣೇ. ನಿಂಗರ್ಥ ಆಗಲ್ಲ.”

ನಿಜವಾದ ಕಾರಣ ಫಿಸಿಕ್ಸೂ ಅಲ್ಲ, ಹಿಮವೂ ಅಲ್ಲ. ನಮ್ಮ ಎಂಟು ವರ್ಷದ ಮಗಳು. ಶಾಲೆಗೆ ಸೇರಿದ ಮೇಲೆ ಅವಳ ಬಾಯಿಂದ ಕನ್ನಡ ಮೆಲ್ಲಗೆ ಜಾಗ ಖಾಲಿ ಮಾಡಿತ್ತು. ನಾವು ಕನ್ನಡದಲ್ಲಿ ಕೇಳುವುದು, ಅವಳು ಜರ್ಮನ್‌ನಲ್ಲಿ ಉತ್ತರ ಕೊಡುವುದು. ಅಪ್ಪ ಹೋಗಿ ‘ಪಾಪಾ’ ಆಗಿದ್ದರು. ನಾನು ‘ಮಾಮಾ’. ಅಡುಗೆಮನೆಗೆ ಬಂದು “ಮಾಮಾ” ಎಂದು ಕರೆದಾಗಲೆಲ್ಲ ನನಗೆ ಊರಿನಲ್ಲಿರುವ ನನ್ನ ಅಣ್ಣ ಬಂದು ಹಿಂದೆ ನಿಂತ ಹಾಗಾಗುತ್ತಿತ್ತು. ನಾನು ನಕ್ಕು ಸುಮ್ಮನಾಗುತ್ತಿದ್ದೆ. ಇವರಿಗೆ ಮಾತ್ರ ನಗು ಬರುತ್ತಿರಲಿಲ್ಲ. ಬೇಡಿಕೊಂಡರು, ಚಾಕೊಲೇಟಿನ ಆಸೆ ತೋರಿಸಿದರು, ಒಂದು ವಾರ ಮಾತು ಬಿಟ್ಟೂ ನೋಡಿದರು. ಅವಳು ಅದನ್ನು ಗಮನಿಸಲೇ ಇಲ್ಲ, ಪಾಪ. ಕೊನೆಗೆ ಹೊಳೆದ ಉಪಾಯವೇ ಸ್ಕೀ.

“ಅವಳ ಜೊತೆ ಒಂದೇ ಒಂದು ದಿನ ಸ್ಕೀ ಮಾಡಿದ್ರೆ ಸಾಕು. ಬಾಯ್ತುಂಬ ಅಪ್ಪಾ ಅಂತ ಕರೀತಾಳೆ, ನೋಡ್ತಿರು.”

ಫೆಬ್ರವರಿಯ ರಜೆಗೆ ಆಲ್ಗಾಯ್ ಬೆಟ್ಟಗಳಿಗೆ ಹೋದೆವು. ಅಲ್ಲೊಂದು ಬೆಟ್ಟದ ನೆತ್ತಿಯ ಮೇಲೇ ಗಡಿ ಹಾದುಹೋಗಿದೆ. ಈ ಇಳಿಜಾರು ಜರ್ಮನಿ, ಆ ಇಳಿಜಾರು ಆಸ್ಟ್ರಿಯಾ, ಎರಡಕ್ಕೂ ಒಂದೇ ಟಿಕೆಟ್. ಮಗಳನ್ನು ವಾರವಿಡೀ ಮಕ್ಕಳ ಸ್ಕೀ ಶಾಲೆಗೆ ಬಿಟ್ಟಿದ್ದೆವು. ಕೊನೆಯ ದಿನ ಅವಳ ತಂಡ ನೆತ್ತಿಯ ಮೇಲೆ ಸೇರುವುದಿತ್ತು. ನಾವೂ ಅವಳೊಂದಿಗೆ ಕೇಬಲ್ ಕಾರ್ ಹತ್ತಿದೆವು. ನನ್ನ ಕೈಯಲ್ಲಿ ಸ್ಕೀ ಇಲ್ಲ, ಚಿತ್ರಾನ್ನದ ಡಬ್ಬಿ.

ಅರ್ಧ ದಾರಿಯಲ್ಲಿ ಮಗಳು ಡಬ್ಬಿ ಖಾಲಿ ಮಾಡಿ, ಬಾಯಿ ಒರೆಸಿಕೊಂಡು, ಕಾನೂನು ಹೊರಡಿಸಿದಳು: “ಪಾಪಾ, ಹೀರ್ ಬಿಟ್ಟೆ ಕೈನ್ ಕನ್ನಡ.” ಇಲ್ಲಿ ದಯವಿಟ್ಟು ಕನ್ನಡ ಬೇಡವಂತೆ. ಯಾಕೆಂದು ಕೇಳಿದರೆ ಒಂದೇ ಪದ: “ಪೈನ್‌ಲಿಷ್.” ಅಂದರೆ ಮಾನ ಹೋಗುತ್ತದಂತೆ. ಎಂಟು ವರ್ಷದ ಪೋರಿಯ ಮಾನ!

“ಆಯ್ತಮ್ಮಾ,” ಎಂದರು ಇವರು, ಕನ್ನಡದಲ್ಲೇ.

ನೆತ್ತಿಯಲ್ಲಿ ಗಡಿ ತೋರಿಸುವ ಬೋರ್ಡ್ ಇತ್ತು. ನಮ್ಮ ದೇಶದವರ ದೌರ್ಬಲ್ಯ ನಿಮಗೆ ಗೊತ್ತಿರಬೇಕು. ವೀಸಾ ಸಾಲಿನಲ್ಲಿ ನಿಂತು ನಿಂತು ಕಾಲು ಊದಿಸಿಕೊಂಡವರಿಗೆ, ಯಾರೂ ಏನೂ ಕೇಳದ ಗಡಿಯೊಂದು ಕಂಡರೆ ತಲೆ ನಿಲ್ಲುವುದಿಲ್ಲ. ಅಲ್ಲೊಂದು ಕಾಲು ಇಲ್ಲೊಂದು ಕಾಲು ಇಟ್ಟ ಫೋಟೊ ವಾಟ್ಸಾಪ್ ಗುಂಪಿಗೆ ಹೋಗದಿದ್ದರೆ ಅದು ಪ್ರವಾಸವೇ ಅಲ್ಲ. ಇವರೂ ಸ್ಕೀ ಹಲಗೆಗಳನ್ನು ಬೂಟಿಗೆ ಸಿಕ್ಕಿಸಿಕೊಂಡು, ಒಂದನ್ನು ಜರ್ಮನಿಯಲ್ಲಿ, ಇನ್ನೊಂದನ್ನು ಆಸ್ಟ್ರಿಯಾದಲ್ಲಿ ಇಟ್ಟು ಎದೆಯುಬ್ಬಿಸಿ ನಿಂತರು.

“ಬೋರ್ಡ್ ಬರೋ ಹಾಗೆ ತೆಗಿಯೇ!”

ನಾನು ಕೈಗವಸು ಬಿಚ್ಚಿ ಫೋನ್ ಹೊರತೆಗೆಯುವಷ್ಟರಲ್ಲಿ ಆಸ್ಟ್ರಿಯಾದ ಕಾಲು ಹೊರಟಿತು. ಜರ್ಮನಿಯ ಕಾಲು ಒಂದು ಕ್ಷಣ ಯೋಚಿಸಿ ಅದರ ಹಿಂದೆ ಹೋಯಿತು.

“ಪಿಜ್ಜಾ!” ಮಗಳು ಚೀರಿದಳು. “ಪಾಪಾ, ಪಿಜ್ಜಾ! ಪಿಜ್ಜಾ!”

“ಈಗ ತಾನೇ ಚಿತ್ರಾನ್ನ ತಿಂದ್ಯಲ್ಲಮ್ಮಾ!” ಇಳಿಜಾರಿನಿಂದ ಇವರ ದನಿ ಬಂತು. “ಕೆಳಗೆ ಹೋಗಿ ಕೊಡಿಸ್ತೀನಿ!”

ನಾನೂ ಮಗಳನ್ನೇ ಗದರಿದೆ. “ಅಪ್ಪ ಅಲ್ಲಿ ಸಾಯ್ಲಿಕ್ಕೆ ಹೊರಟಿದ್ದಾರೆ, ನಿನಗೆ ಪಿಜ್ಜಾವಾ?”

ಅವಳು ನನ್ನನ್ನು ನೋಡಿದ ನೋಟವನ್ನು ಇನ್ನೂ ಮರೆತಿಲ್ಲ. ಸ್ಕೀಗಳ ಮುಂದಿನ ತುದಿ ಕೂಡಿಸಿ ಹಿಂದಿನ ತುದಿ ಅಗಲಿಸಿದರೆ ಪಿಜ್ಜಾ ತುಂಡಿನ ಆಕಾರ ಬರುತ್ತದೆ, ವೇಗ ನಿಲ್ಲುತ್ತದೆ. ಮಕ್ಕಳ ಶಾಲೆಯಲ್ಲಿ ಬ್ರೇಕಿಗೆ ಅದೇ ಹೆಸರು. ಮೊದಲ ದಿನದ ಮೊದಲ ಪಾಠವಂತೆ. ಅಡ್ವಾನ್ಸ್ಡ್ ಕಲಿತವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು?

ಪುಣ್ಯಕ್ಕೆ ಸ್ವಲ್ಪ ಕೆಳಗೇ ಅಂಚಿಗೆ ಕಿತ್ತಳೆ ಬಣ್ಣದ ಬಲೆ ಕಟ್ಟಿದ್ದರು. ನಮ್ಮೆಜಮಾನರು ಅದರಲ್ಲಿ ಬಂಗುಡೆ ಮೀನಿನ ಹಾಗೆ ಸಿಕ್ಕಿಕೊಂಡರು. ನಾನು ಮೊಣಕಾಲುದ್ದದ ಹಿಮದಲ್ಲಿ ಏಳುತ್ತ ಬೀಳುತ್ತ ಹೋಗುವ ಹೊತ್ತಿಗೆ ಮಗಳು ಅಲ್ಲಿದ್ದಳು. ಅವಳ ತಂಡದ ಮಕ್ಕಳೂ ಬಂದು ಮುತ್ತಿದ್ದರು. ಒಬ್ಬ ಇವರು ಕೂಗಿದ್ದನ್ನು ಅಣಕಿಸಿ ತೋರಿಸುತ್ತಿದ್ದ, ಉಳಿದವರು ಹೊಟ್ಟೆ ಹಿಡಿದು ನಗುತ್ತಿದ್ದರು. ಸ್ಕೀ ಕಲಿಸುವ ಹುಡುಗಿ ಇವರ ಬೂಟಿನಿಂದ ಸ್ಕೀ ಬಿಡಿಸುತ್ತ ನನ್ನ ಮಗಳ ಕಡೆ ತಿರುಗಿದಳು. ಇವರು ನಿನ್ನ ಅಪ್ಪನಾ ಎಂದು ಕೇಳಿದಳು.

“ನೈನ್,” ಎಂದಳು ಮಗಳು.

ಈ ದೇಶದ ಕಚೇರಿಗಳಲ್ಲಿ ನಾವಿಬ್ಬರೂ ಮೊಟ್ಟಮೊದಲು ಕಲಿತ ಪದ ಅದು: ಇಲ್ಲ, ಅಲ್ಲ. ಎರಡು ಬಾರಿಸಬೇಕೆಂದು ಕೈಯೆತ್ತಿದ್ದೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಅವಳು ಬೂಟಿನ ಹಿಮ ಕೊಡವುವವಳ ಹಾಗೆ ಬಲೆಯ ಪಕ್ಕ ಬಗ್ಗಿದಳು. ಸುತ್ತಲಿದ್ದ ಯಾರಿಗೂ ಅರ್ಥವಾಗದ ಭಾಷೆಯಲ್ಲಿ ಮೆಲ್ಲಗೆ ಕೇಳಿದಳು:

“ಅಪ್ಪಾ, ತುಂಬಾ ನೋವಾಯ್ತಾ?”

“ಇಲ್ಲ ಕಂದಾ,” ಇವರೂ ಅಷ್ಟೇ ಮೆಲ್ಲಗೆ ಹೇಳಿದರು. “ನೀನು ಹೋಗು. ಫ್ರೆಂಡ್ಸ್ ಕಾಯ್ತಿದ್ದಾರೆ.”

ಅವಳು ಹೋದಳು, ತಿರುಗಿಯೂ ನೋಡಲಿಲ್ಲ. ಕೇಬಲ್ ಕಾರಿನಲ್ಲಿ ಇಳಿಯುವಾಗ ಇವರ ಮೊಣಕಾಲು ಊದಿ ಕುಂಬಳಕಾಯಿಯಾಗಿತ್ತು. ಮುಖ ಮಾತ್ರ ಮದುವೆಮನೆಯ ಹಾಗಿತ್ತು.

“ಕೇಳಿಸ್ಕೊಂಡ್ಯಾ? ಅಪ್ಪಾ ಅಂದ್ಲು!”

ನನಗೆ ತಡೆಯಲಾಗಲಿಲ್ಲ. “ಅದಕ್ಕೆ ಮೊದ್ಲು ನೈನ್ ಅಂದದ್ದು ಕೇಳ್ಲಿಲ್ವಾ ನಿಮಗೆ?”

ಇವರು ಊದಿದ ಮೊಣಕಾಲು ನೀವುತ್ತ ಗಾಜಿನ ಕಡೆ ತಿರುಗಿದರು.

“ಅದು ಜರ್ಮನ್ ಅಲ್ವೇನೇ,” ಎಂದರು. “ನಂಗೆಲ್ಲಿ ಬರತ್ತೆ?”