ಚೆಲ್ಲಬಾರದ ನೀರು

ಕೋಗಿಲು ಬಡಾವಣೆಯ ಮುನಿಶಾಮಮ್ಮನಿಗೆ ಎಂಜಲೆಂದರೆ ಮೈ ಮುಳ್ಳೇಳುತ್ತಿತ್ತು. ಹೆತ್ತ ಮಗಳು ಕಚ್ಚಿದ ಮಾವಿನಹಣ್ಣನ್ನೂ ಬಾಯಿಗಿಟ್ಟವಳಲ್ಲ. ಮೇಲಿನ ಮನೆಯ ಬಾಡಿಗೆದಾರ ಗೋಪಿ ಎತ್ತಿ ಕುಡಿದ ಲೋಟವನ್ನೂ ಹುಣಿಸೆಹಣ್ಣು ಹಾಕಿ ಮೂರು ಸಲ ತಿಕ್ಕುವಳು. ಬೀದಿಯವರು ಗಂಟಲು ಒಣಗಿದರೂ ಇವಳನ್ನು ನೀರು ಕೇಳುತ್ತಿರಲಿಲ್ಲ.

ಅವಳು ತಿಕ್ಕದೆ ಬಿಟ್ಟಿದ್ದು ಒಂದೇ, ತಾರಸಿಯಲ್ಲಿ ಹಕ್ಕಿಗಳಿಗಿಟ್ಟ ಮಣ್ಣಿನ ಬಾನಿ. ಹಕ್ಕಿಗಿಟ್ಟ ನೀರು ಚೆಲ್ಲಿದರೆ ಪಾಪ ಎಂದು ಅತ್ತೆ ಹೇಳಿಹೋಗಿದ್ದರು. ಹಾಗಾಗಿ ಹದಿನಾಲ್ಕು ವರ್ಷದಿಂದ ಕಡಿಮೆಯಾದಷ್ಟನ್ನೇ ಸುರಿಯುತ್ತಿದ್ದಳು. ಗೋಪಿಯೂ ಒಂದು ಪ್ಲಾಸ್ಟಿಕ್ ತಟ್ಟೆ ಇಟ್ಟಿದ್ದ. ಅವನು ದಿನಾ ಹಳೇ ನೀರು ಚೆಲ್ಲಿ ತೊಳೆಯುವುದನ್ನು ಕಂಡು, ಪಾಪಿ ಎಂದು ಬೈದಿದ್ದಳು. ಬೆಳವದ ಜೋಡಿಯೊಂದು, ಪುಟ್ಟ ಕಾಡುಪಾರಿವಾಳಗಳು, ಅವಳ ತುಳಸಿ ಕುಂಡದಲ್ಲೇ ಗೂಡು ಕಟ್ಟಿದಾಗ ಮೊಮ್ಮಕ್ಕಳು ಬಂದಷ್ಟು ಹಿಗ್ಗಿದ್ದಳು.

ಮೇ ತಿಂಗಳಲ್ಲಿ ಅವುಗಳಲ್ಲೊಂದು ಕಾಳು ನುಂಗಲಾರದೆ ಕೂತಲ್ಲೇ ತೂಕಡಿಸತೊಡಗಿತು. ಕೊಕ್ಕಿನಿಂದ ಅಂಟು ಜೊಲ್ಲು. ಎಲ್ಲ ಆ ಪ್ಲಾಸ್ಟಿಕ್ ತಟ್ಟೆಯ ಹೊಲಸು ಎಂದು ಗೊಣಗುತ್ತಾ ಮುನಿಶಾಮಮ್ಮ ಪಕ್ಕದ ಮನೆಯ ಸುಮಾಳನ್ನು ಕರೆತಂದಳು. ಸುಮಾ ಹಕ್ಕಿಗಳ ಡಾಕ್ಟರು.

ಸುಮಾ ಕೊಕ್ಕು ಬಿಡಿಸಿದಳು. ಗಂಟಲ ತುಂಬ ಹಳದಿ ಗಿಣ್ಣಿನಂಥ ಗಡ್ಡೆ, ಕೊಳೆತ ನಾತ. ಮುನಿಶಾಮಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಇವು ನೀರು ಕುಡಿಯುವುದೆಲ್ಲಿ ಎಂದು ಸುಮಾ ಕೇಳಿದ್ದಕ್ಕೆ ಜಂಬದಿಂದಲೇ ಬಾನಿ ತೋರಿಸಿದಳು. ಸುಮಾ ಒಳಗೆ ಬೆರಳಾಡಿಸಿದಾಗ ಹಸಿರು ಲೋಳೆ ನೂಲುನೂಲಾಗಿ ಮೇಲೆ ಬಂತು.

"ಇದು ಕಣ್ಣಿಗೆ ಕಾಣ್ದಷ್ಟು ಸಣ್ಣ ಪರಾವಲಂಬಿ, ದೊಡ್ಡಮ್ಮ. ಒಂದ್ರ ಬಾಯಿಂದ ನೀರಿಗ್ ಬೀಳುತ್ತೆ, ಅದೇ ನೀರನ್ನ ಇನ್ನೊಂದು ಕುಡಿಯುತ್ತೆ. ಎಂಜಲಿಂದ ಬರೋ ಕಾಯ್ಲೆ. ಈ ಬಾನೀಲೇ ಹತ್ಕೊಂಡಿರ್ಬೇಕು."

ಊರವರ ಎಂಜಲಿಗೆ ಮೂಗು ಮುರಿದವಳು ಹದಿನಾಲ್ಕು ವರ್ಷ ಎಂಜಲನ್ನೇ ಬಡಿಸಿದ್ದಳು, ಅದೂ ಪುಣ್ಯವೆಂದು. ತನ್ನ ಕೈ ನೋಡಿ ತನಗೇ ಹೇಸಿಗೆಯಾಯಿತು. ಔಷಧಿ ಗಂಟಲಿಗಿಳಿಯುವ ಮೊದಲೇ ಹಕ್ಕಿ ಸುಮಾಳ ಅಂಗೈಯಲ್ಲಿ ಗೋಣು ಚೆಲ್ಲಿತು.

ಮುನಿಶಾಮಮ್ಮ ಬಾನಿಯನ್ನು ಕವುಚಿ, ಉಗುರು ಸವೆಯುವಷ್ಟು ತಿಕ್ಕಿ ಬಿಸಿಲಿಗೆ ಹಾಕಿದಳು. ಎರಡು ವಾರ ಇದರಲ್ಲಿ ನೀರಿಡಬೇಡಿ ಎಂದು ಸುಮಾ ಹೇಳಿದ್ದಳು. ಮೂರನೆಯ ದಿನ ಉಳಿದ ಬೆಳವ ಬಂದು, ಬಾನಿಯಿದ್ದ ಜಾಗವನ್ನು ಕುಕ್ಕಿ, ಕತ್ತು ಓರೆ ಮಾಡಿ ಅವಳನ್ನೇ ನೋಡಿತು.

"ಗೋಪಿ ತಟ್ಟೇಲಿ ಕುಡಿಯೋಗಪ್ಪ," ಎಂದಳು ಮುನಿಶಾಮಮ್ಮ. "ನನ್ ಕೈ ಗಲೀಜು."